ಕಾಲಿನ ಲೆಕ್ಕ ಬಿಡಿ

ಕುಶಲಾಳಿಗೆ ಸ್ಟ್ರೋಕ್ ಆದದ್ದು ಒಂದು ಸೋಮವಾರ ಬೆಳಿಗ್ಗೆ, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ. ಕಾಲೇಜು ಅಡ್ಮಿಷನ್ನಿನ ಸಮಯ. ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಹಿಡಿದುಕೊಂಡು ಮಕ್ಕಳೂ ಅಪ್ಪ ಅಮ್ಮಂದಿರೂ ಕೌಂಟರಿಗೆ ಒರಗಿ ನಿಂತಿದ್ದರು. ಕುಶಲಾ ಗಾಲಿಕುರ್ಚಿಯಲ್ಲಿ ಕುಳಿತು ಒಂದು ಕೈಯಿಂದ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತುತ್ತ, ಇನ್ನೊಂದು ಕೈಯಿಂದ ಕಾಗದ ಇಡುತ್ತ, ಬಾಯಿಯಿಂದ ಎಲ್ಲರನ್ನೂ ಗದರಿಸುತ್ತ ಇದ್ದಳು. ಪಕ್ಕದ ಸ್ಟೂಲಿನಲ್ಲಿ ಅವಳ ಗಂಡ ಮಾಯಿಲಪ್ಪ ಪ್ರತಿಗಳನ್ನು ಬೆರಳಿನಿಂದ ಸಮ ಮಾಡಿ ಪಿನ್ ಹೊಡೆಯುತ್ತಿದ್ದ.

ಮಾಯಿಲಪ್ಪನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತನಾದವನು. ಕುಶಲಾಳಿಗೆ ಮಾತು ಸರಿಯಾಗಿ ಬರುವ ಮೊದಲೇ ಪೋಲಿಯೊ ಬಂದು ಎರಡೂ ಕಾಲು ಹೋಗಿದ್ದವು. ಇವರ ಮದುವೆಯ ದಿನ ವೇದಿಕೆ ಹತ್ತಿದ ಗಣ್ಯರೊಬ್ಬರು, ಕುರುಡನ ಹೆಗಲ ಮೇಲೆ ಕುಂಟಿ ಕುಳಿತು ದಾರಿ ತೋರಿಸುವ ಕಥೆ ಹೇಳಿ ಕಣ್ಣೊರೆಸಿಕೊಂಡಿದ್ದರು. ಕುಶಲಾ ಅವರ ಕೈಯಿಂದ ಮೈಕು ತೆಗೆದುಕೊಂಡು, "ಹೆಗಲ ಮೇಲೆ ಕೂರಲಿಕ್ಕೆ ನಾನು ಇವರನ್ನು ಮದುವೆ ಆದದ್ದಲ್ಲ. ಇವರು ಮಾತಾಡಿದರೆ ನಗು ಬರ್ತದೆ, ಅದಕ್ಕೆ ಆದದ್ದು. ಎಲ್ಲರೂ ಊಟಕ್ಕೆ ಹೋಗಿ, ಪಾಯಸ ತಣಿಯುತ್ತದೆ" ಅಂದಿದ್ದಳು.

ಅಂಗಡಿ ಕೊಟ್ಟಾರದಲ್ಲಿ, ಕರಾವಳಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು. ದುಬೈಗೆ, ಮಸ್ಕತ್ತಿಗೆ ಮಾತಾಡಲು ಹೆಂಗಸರು ಸಾಲು ನಿಲ್ಲುತ್ತಿದ್ದ ಕಾಲ ಮುಗಿದ ಮೇಲೆ ಜೆರಾಕ್ಸ್ ಬಂತು, ಆಮೇಲೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸ ಬಂತು. ಬೆಳಿಗ್ಗೆ ಸೈಡ್ ವೀಲ್ ಇರುವ ಸ್ಕೂಟರಿನಲ್ಲಿ ಗಂಡನನ್ನು ಹಿಂದೆ ಕೂರಿಸಿಕೊಂಡು ಬರುವುದು, ಸಂಜೆ ಮೀನು ತೆಗೆದುಕೊಂಡು ಹೋಗುವುದು. ಮನೆಯೊಳಗೆ ಗಾಲಿಕುರ್ಚಿ ತಿರುಗಲು ಜಾಗವಿಲ್ಲ. ಅಲ್ಲಿ ಅವಳು ಎರಡು ಅಂಗೈಗಳನ್ನು ನೆಲಕ್ಕೆ ಊರಿ, ಮೈ ಎತ್ತಿ ಮುಂದೆ ಹಾಕಿ, ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಂಗಳಕ್ಕೆ ಹೋಗುತ್ತಿದ್ದಳು. ಅಡುಗೆ ಅವಳದ್ದೇ. ಪಾತ್ರೆ ತೊಳೆಯುವುದು ಮಾಯಿಲಪ್ಪನದ್ದು.

ಆ ಸೋಮವಾರ ಮಾಯಿಲಪ್ಪನಿಗೆ ಮೊದಲು ಗೊತ್ತಾದದ್ದು ಅವಳ ಸ್ವರದಿಂದ. "ಆಧಾರಿಗೆ ಎರಡು ಬದಿ ಬೇಕು, ಒಂದೇ ಬದಿ ಕೊಟ್ಟರೆ..." ಎನ್ನುತ್ತಿದ್ದವಳು "ಬದಿ, ಬದಿ" ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಬಂದದ್ದು ಶಬ್ದವೇ ಅಲ್ಲ, ನಾಲಿಗೆ ಬಾಯಿಯೊಳಗೆ ಬಿದ್ದು ಹೊರಳಿದ ಹಾಗಿನ ಸದ್ದು. ಯಂತ್ರದ ಮುಚ್ಚಳ ದಢಕ್ಕನೆ ಬಿತ್ತು. ಕಾಗದಗಳು ನೆಲಕ್ಕೆ ಹರಡಿದವು.

"ಕುಶಲಾ?"

ಉತ್ತರ ಇಲ್ಲ. ಅವನು ಕೈ ಚಾಚಿ ಅವಳ ಮುಖ ಮುಟ್ಟಿದ. ತುಟಿಯ ಬಲ ತುದಿ ಕೆಳಗೆ ಜಾರಿತ್ತು. ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ಬಲಗೈ ಎತ್ತಿ ಬಿಟ್ಟ. ಅದು ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿತ್ತು.

ಗಿರಾಕಿಗಳಲ್ಲಿ ಯಾರೋ ನೀರು ತನ್ನಿ ಅಂದರು. ಇನ್ಯಾರೋ ಸಕ್ಕರೆ ಅಂದರು. ಮಾಯಿಲಪ್ಪ ಎದ್ದು ನಿಂತು ಕೂಗಿದ: "ಯಾರೂ ಎಂತದೂ ಬಾಯಿಗೆ ಹಾಕಬೇಡಿ! ಅಬೂಬಕ್ಕರ್! ಗಾಡಿ ತೆಗಿ ಮಾರಾಯ, ಕುಶಲಾಳಿಗೆ ಸ್ಟ್ರೋಕ್!"

ಪಕ್ಕದ ಬೇಕರಿಯ ಅಬೂಬಕ್ಕರ್ ಎಪ್ರನ್ನಿನಲ್ಲೇ ಓಡಿ ಬಂದ. ಗಾಲಿಕುರ್ಚಿಯಿಂದ ಅವಳನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಮಾಯಿಲಪ್ಪ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಲಾಲ್‌ಬಾಗಿನಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಅಬೂಬಕ್ಕರ್ ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಬಲ್ಮಠದ ಏರು ದಾಟಿ ಫಳ್ನೀರಿನ ಆಸ್ಪತ್ರೆಗೆ ಮುಟ್ಟುವವರೆಗೆ ಅವಳ ಎಡಗೈ ಗಂಡನ ಅಂಗಿಯನ್ನು ಹಿಡಿದೇ ಇತ್ತು. ಆ ಹಿಡಿತದಲ್ಲಿ ಮಾತ್ರ ಎಂದಿನ ಕುಶಲಾ ಇದ್ದಳು.

ಅಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಸ್ಕ್ಯಾನ್ ಮಾಡಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಶುರು ಮಾಡಿದರು. ಮತ್ತೆ ರಕ್ತನಾಳ ತೋರಿಸುವ ಇನ್ನೊಂದು ಸ್ಕ್ಯಾನ್. ಅಷ್ಟರಲ್ಲಿ ಕುಶಲಾಳ ತಮ್ಮ ಹಿತೇಶ್ ಬಜಪೆಯಿಂದ ಬಂದ. ಬಹರೈನಿನಲ್ಲಿ ಬಹಳ ವರ್ಷ ದುಡಿದು ಬಂದು ಈಗ ಬಜಪೆಯಲ್ಲೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದವನು. ಬಂದವನೇ ಅಕ್ಕನ ಮುಖ ನೋಡಿ ಗೋಡೆಗೆ ಒರಗಿ ಅತ್ತ.

ಪರದೆ ಸರಿಸಿ ಬಂದ ಡಾಕ್ಟರ್ ಹಸ್ನಾ ವಯಸ್ಸಿನಲ್ಲಿ ಚಿಕ್ಕವಳು, ಮಾತು ಚುರುಕು. ಅವಳ ಕಣ್ಣು ಮೊದಲು ಮಾಯಿಲಪ್ಪನ ಬಿಳಿ ಕೋಲಿನ ಮೇಲೆ ಬಿತ್ತು, ಆಮೇಲೆ ಹಿತೇಶನ ಕಡೆ ತಿರುಗಿತು.

"ನೀವು ಪೇಷಂಟಿನ ತಮ್ಮ ಅಲ್ಲವಾ? ನೋಡಿ, ಮೆದುಳಿನ ಎಡಭಾಗದ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕೂತಿದೆ. ಇಂಜೆಕ್ಷನ್‌ನಿಂದ ಮಾತ್ರ ಅದು ಹೋಗುವ ಹಾಗೆ ಕಾಣುವುದಿಲ್ಲ. ಇವರು ಮೊದಲು ಹೇಗಿದ್ದರು? ನಡೆಯುತ್ತಿದ್ದರಾ?"

"ಇಲ್ಲ ಡಾಕ್ಟ್ರೇ. ಚಿಕ್ಕಂದಿನಿಂದಲೂ ಇಲ್ಲ."

"ಅಂದರೆ ಬೇರೆಯವರ ಸಹಾಯ ಬೇಕಿತ್ತು."

"ಬೇಕಿತ್ತು" ಅಂದ ಹಿತೇಶ್.

ಹಸ್ನಾ ಉಸಿರು ಬಿಟ್ಟಳು. "ತೊಡೆಯ ಸಂದಿನಿಂದ ನಳಿಕೆ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ಒಂದು ಚಿಕಿತ್ಸೆ ಇದೆ. ಆದರೆ ಸಾಮಾನ್ಯವಾಗಿ, ಸ್ಟ್ರೋಕಿಗೆ ಮೊದಲೇ ಇಷ್ಟು ಡಿಸೆಬಿಲಿಟಿ ಇದ್ದವರಿಗೆ ನಾವು ಅದನ್ನು ಒತ್ತಾಯ ಮಾಡುವುದಿಲ್ಲ. ಅಪಾಯ ಹೆಚ್ಚು, ಲಾಭ ಎಷ್ಟು ಅಂತ ಗೊತ್ತಿಲ್ಲ. ಮೆಡಿಸಿನ್ ಕೊಟ್ಟು ನೋಡಿಕೊಳ್ಳುವುದು ಒಂದು ದಾರಿ. ನೀವು ಮನೆಯವರು ಯೋಚಿಸಿ."

"ಮೆಡಿಸಿನ್ ಸಾಕು ಡಾಕ್ಟ್ರೇ" ಹಿತೇಶ್ ಕಣ್ಣೊರೆಸಿಕೊಳ್ಳುತ್ತ ಅಂದ. "ಅಕ್ಕ ಹುಟ್ಟಿದ ಮೇಲೆ ಕಷ್ಟ ಪಟ್ಟದ್ದು ಸಾಕು. ಇನ್ನು ತಲೆಯೊಳಗೆ ತಂತಿ ಹಾಕಿ ನೋಯಿಸುವುದು ಬೇಡ."

"ಡಾಕ್ಟ್ರೇ" ಮಾಯಿಲಪ್ಪ ಕರೆದ. "ನೀವು ಯಾರ ಹತ್ರ ಮಾತಾಡ್ತಾ ಇರುವುದು?"

"ಇವರ ತಮ್ಮನ ಹತ್ತಿರ, ಅಂಕಲ್."

"ನಾನು ಅವಳ ಗಂಡ. ನನಗೆ ಕಾಣುವುದಿಲ್ಲ ಅಷ್ಟೆ, ಕಿವಿ ಸರಿಯಾಗಿ ಕೇಳ್ತದೆ. ಅವಳ ವಿಷಯ ನನ್ನ ಹತ್ರ ಮಾತಾಡಿ."

ಅಲ್ಲಿದ್ದ ನರ್ಸ್ ಒಲಿಂಡಾ ಕೈಯಲ್ಲಿದ್ದ ಟ್ರೇಯನ್ನು ಮೆಲ್ಲನೆ ಕೆಳಗಿಟ್ಟಳು. ಹಸ್ನಾ ಮಾಯಿಲಪ್ಪನ ಎದುರಿಗೆ ಬಂದು ನಿಂತಳು.

"ಸಾರಿ ಅಂಕಲ್. ಹೇಳಿ."

"ಹಿತೇಶ್ ಹೇಳಿದ್ದು ಸುಳ್ಳಲ್ಲ. ಅವಳು ನಡೆಯುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಇವತ್ತು ಬೆಳಿಗ್ಗೆ ಅವಳು ಎದ್ದು ನೀರು ದೋಸೆ ಹೊಯ್ದು, ನನಗೆ ಬಡಿಸಿ, ಸ್ಕೂಟರ್ ಬಿಟ್ಟುಕೊಂಡು ಕೊಟ್ಟಾರಕ್ಕೆ ಬಂದು ಅಂಗಡಿ ತೆಗೆದಿದ್ದಾಳೆ. ನಾನು ಹಿಂದಿನ ಸೀಟಿನಲ್ಲಿ ಕೂತದ್ದು ಮಾತ್ರ. ಯಾರು ಯಾರಿಗೆ ಸಹಾಯ ಮಾಡುವುದು?"

"ಸ್ಕೂಟರ್ ಬಿಡ್ತಾರಾ?"

"ಬಿಡ್ತಾಳೆ. ಬೈದುಕೊಂಡು ಬಿಡ್ತಾಳೆ." ಮಾಯಿಲಪ್ಪ ಮಂಚದ ಅಂಚು ತಡವಿ, ಹೆಂಡತಿಯ ಬಲಗೈ ಹುಡುಕಿ, ಅಂಗೈ ಮೇಲೆ ಮಾಡಿ ಹಿಡಿದ. "ನೀವು ಬಂದ ಕೂಡಲೇ ಅವಳ ಕಾಲು ನೋಡಿದಿರಿ. ಇಲ್ಲಿ ನೋಡಿ. ಮುಟ್ಟಿ ನೋಡಿ."

ಹಸ್ನಾ ಗ್ಲೌಸು ತೆಗೆದು ಮುಟ್ಟಿದಳು. ಅಂಗೈಯ ಬುಡದಲ್ಲಿ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಟ್ಟಿತ್ತು.

"ಮನೆಯೊಳಗೆ ಅವಳು ಇದರಲ್ಲೇ ನಡೆಯುವುದು. ಇದು ಅವಳ ಕಾಲು. ಕಾಲಿದ್ದವರಿಗೆ ಒಂದು ಕೈ ಹೋದರೆ ಇನ್ನೂ ನಡೆಯಬಹುದು. ಇವಳಿಗೆ ಈ ಕೈ ಹೋದರೆ ನೆಲ ಹೋಯಿತು, ಒಲೆ ಹೋಯಿತು, ಅಂಗಡಿ ಹೋಯಿತು. ಮೊದಲೇ ಕಡಿಮೆ ಇದ್ದವಳಿಗೆ ಇನ್ನೂ ಕಡಿಮೆ ಆದರೆ ಪರವಾಗಿಲ್ಲ ಅಂತ ಹೇಳುವುದು ಎಂತ ನ್ಯಾಯ ಡಾಕ್ಟ್ರೇ?"

ಹಿತೇಶ್ ನಡುವೆ ಬಂದ. "ಭಾವ, ಕೋಪದಲ್ಲಿ ಹೇಳಬೇಡಿ. ಏನಾದರೂ ಹೆಚ್ಚು ಕಡಿಮೆ ಆದರೆ?"

"ಆಗಬಹುದು" ಹಸ್ನಾ ಹೇಳಿದಳು. ಅವಳ ಮಾತಿನಲ್ಲಿ ಮೊದಲಿನ ಅವಸರ ಇರಲಿಲ್ಲ, ಮರೆಮಾಚುವ ಧಾಟಿಯೂ ಇರಲಿಲ್ಲ. "ಅಂಕಲ್, ನಿಜ ಹೇಳ್ತೇನೆ. ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಜೀವಕ್ಕೇ ಅಪಾಯ ಆಗಬಹುದು. ಹೆಪ್ಪು ತೆಗೆದರೂ ಕೈ ಬಾರದೆ ಇರಬಹುದು. ಈ ಚಿಕಿತ್ಸೆಯ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಮೊದಲೇ ಡಿಸೆಬಿಲಿಟಿ ಇದ್ದವರನ್ನು ಹೆಚ್ಚಾಗಿ ಸೇರಿಸಲೇ ಇಲ್ಲ. ಈಗೀಗ ನೋಡ್ತಾ ಇದ್ದಾರೆ, ಕೆಲವರು ಮೊದಲಿದ್ದ ಸ್ಥಿತಿಗೇ ವಾಪಸ್ ಬರ್ತಾರೆ. ಆದರೆ ಇವರ ವಿಷಯದಲ್ಲಿ ನಾನು ಗ್ಯಾರಂಟಿ ಕೊಡಲಿಕ್ಕೆ ಆಗುವುದಿಲ್ಲ."

"ಸೇರಿಸಲಿಲ್ಲ. ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲ, ಅದಕ್ಕೆ ಕೊಡುವುದಿಲ್ಲ. ಹಾಗಾದರೆ ಯಾವಾಗ ಗೊತ್ತಾಗುವುದು?"

ಹಸ್ನಾ ಕೈಯಲ್ಲಿದ್ದ ಗ್ಲೌಸನ್ನು ಜೇಬಿಗೆ ಹಾಕಿದಳು.

"ಅವಳು ನಡೆಯುವವಳಾಗಿದ್ದರೆ ನೀವು ಈಗ ಇಲ್ಲಿ ನಿಂತು ನಮ್ಮ ಹತ್ರ ಯೋಚಿಸಿ ಅಂತ ಹೇಳ್ತಿದ್ದಿರಾ?"

"ಇಲ್ಲ" ಅಂದಳು ಹಸ್ನಾ. "ಇಷ್ಟು ಹೊತ್ತಿಗೆ ಒಳಗೆ ಕರೆದುಕೊಂಡು ಹೋಗಿ ಆಗ್ತಿತ್ತು."

"ಹಾಗಾದರೆ ಹೋಗಿ."

ಅವಳು ಒಂದು ಕ್ಷಣ ಕುಶಲಾಳ ಅಂಗೈಯನ್ನೇ ನೋಡುತ್ತ ನಿಂತಳು. ನಂತರ ಫೋನ್ ತೆಗೆದು, ಚಿಕಿತ್ಸೆ ಮಾಡುವ ಹಿರಿಯ ಡಾಕ್ಟರಿಗೆ ಕರೆ ಮಾಡಿದಳು. ಆ ಕಡೆಯಿಂದ ಅವರು ಏನೋ ಕೇಳಿದರು. "ಸರ್, ಆಗ ಫೋನಿನಲ್ಲಿ ಕಾಲು ನೋಡಿ ನಾನು ತಪ್ಪು ಹೇಳಿದ್ದೆ" ಅಂದಳು ಹಸ್ನಾ. "ಬೆಡ್‌ರಿಡನ್ ಅಲ್ಲ. ಇಂಡಿಪೆಂಡೆಂಟ್. ಹೌದು ಸರ್, ವೀಲ್‌ಚೇರ್. ವೀಲ್‌ಚೇರ್‌ನಲ್ಲಿ ಇಂಡಿಪೆಂಡೆಂಟ್. ಅಂಗಡಿ ನಡೆಸ್ತಾರೆ. ನಾನು ಕರೆದುಕೊಂಡು ಬರ್ತೇನೆ."

ಒಪ್ಪಿಗೆಯ ಕಾಗದ ತಂದ ಹುಡುಗಿ ಜೊತೆಗೆ ಶಾಯಿಯ ಪ್ಯಾಡನ್ನೂ ತಂದಿದ್ದಳು. ಅದರ ವಾಸನೆ ಮೂಗಿಗೆ ಬಡಿದದ್ದೇ ಮಾಯಿಲಪ್ಪ ಕೈ ಹಿಂದೆ ತೆಗೆದ. "ಹೆಬ್ಬೆಟ್ಟು ಬೇಡ. ಪೆನ್ನು ಕೊಡಿ. ಎಲ್ಲಿ ಅಂತ ಬೆರಳು ಇಡಿಸಿದರೆ ಸಾಕು. ಅದರಲ್ಲಿ ಎಂತ ಬರೆದಿದೆ, ಯಾರಾದರೂ ಓದಿ." ಒಲಿಂಡಾ ಒಂದೇ ಉಸಿರಿಗೆ ಓದಿದಳು. ಓದುತ್ತಿದ್ದ ಹಾಗೆಯೇ ಮಂಚ ಹೊರಟಿತು. ಅವನು ಸಹಿ ಹಾಕುವಾಗ ಗಾಲಿಗಳ ಸದ್ದು ಕಾರಿಡಾರಿನ ತುದಿಯಲ್ಲಿ ತಿರುಗುತ್ತಿತ್ತು.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಭಾವ ಮೈದುನ ಇಬ್ಬರೂ ಕುಳಿತರು. ಅಬೂಬಕ್ಕರ್ ಚಹಾ ತಂದುಕೊಟ್ಟು ಅಂಗಡಿ ಬಾಗಿಲು ಹಾಕಲು ಹೋದ. ಹಿತೇಶ್ ಲೋಟ ಹಿಡಿದವನು ಕುಡಿಯಲಿಲ್ಲ.

"ಭಾವ, ನಾನು ಕೆಟ್ಟದ್ದಕ್ಕೆ ಹೇಳಿದ್ದಲ್ಲ."

"ಗೊತ್ತುಂಟು. ಒಳ್ಳೆಯದಕ್ಕೇ ಹೇಳಿದ್ದು. ಅದೇ ಕಷ್ಟ."

"ಅಮ್ಮ ಯಾವಾಗಲೂ ಹೇಳ್ತಿದ್ದರು, ದೇವರು ಅವಳನ್ನು ನನಗಿಂತ ಮೊದಲು ಕರೆದುಕೊಂಡರೆ ಸಾಕು ಅಂತ. ನಾನು ಅದನ್ನು ಕೇಳಿಕೊಂಡೇ ದೊಡ್ಡವನಾದದ್ದು."

"ಅವಳೂ ಕೇಳಿಕೊಂಡೇ ದೊಡ್ಡವಳಾದದ್ದು" ಅಂದ ಮಾಯಿಲಪ್ಪ. "ಅವಳಿಗೂ ಕಿವಿ ಉಂಟಲ್ಲ."

ಚಹಾ ತಣ್ಣಗಾಯಿತು. ಮಾಯಿಲಪ್ಪ ಕೋಲಿನ ತುದಿಯನ್ನು ಕಾಲ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಕುಳಿತೇ ಇದ್ದ. ಒಳಗೆ ಅವಳೇನಾದರೂ ಸತ್ತರೆ ಈ ಸಹಿ ತನ್ನದೇ ಎಂಬುದು ಅವನಿಗೆ ಗೊತ್ತಿತ್ತು. ಹಿತೇಶ್ ಬಾಯಿಬಿಟ್ಟು ಹೇಳದಿದ್ದರೂ ಊರು ಹೇಳುತ್ತದೆ, ಕಣ್ಣಿಲ್ಲದವನು ಹಟ ಮಾಡಿ ಹೆಂಡತಿಯನ್ನು ಕೊಂದ ಅಂತ. ಹೇಳಲಿ. ಆ ಕಾಗದ ಮತ್ತೊಮ್ಮೆ ಎದುರಿಗೆ ಬಂದರೂ ಅವನು ಅದೇ ಜಾಗದಲ್ಲಿ ಬೆರಳಿಟ್ಟು ಅದೇ ಹೆಸರು ಬರೆಯುತ್ತಿದ್ದ.

ಹಸ್ನಾ ಹೊರಗೆ ಬಂದಾಗ ಅವಳ ಚಪ್ಪಲಿಯ ಸದ್ದು ಓಡಿ ಬರುವವಳದ್ದಾಗಿತ್ತು. ಈ ಸಲ ಅವಳು ನೇರ ಮಾಯಿಲಪ್ಪನ ಹತ್ತಿರ ಬಂದಳು. "ಅಂಕಲ್, ಹೆಪ್ಪು ಬಂತು. ಮೊದಲ ಸಲ ಬರಲಿಲ್ಲ, ಎರಡನೆಯ ಸಲ ಎಳೆದಾಗ ಬಂತು. ರಕ್ತ ಹರಿಯುತ್ತಾ ಇದೆ. ಇನ್ನು ನೋಡಬೇಕು."

ನೋಡುವುದು ಬಹಳ ದಿನ ನಡೆಯಿತು. ಐಸಿಯುವಿನಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಮೂಗಿನಲ್ಲಿ ನಳಿಕೆ ಇಟ್ಟು ಗಂಜಿ ಕೊಟ್ಟರು. ಒಂದು ಹಂತದಲ್ಲಿ ಹಿತೇಶ್ ಮತ್ತೆ ಗೋಡೆಗೆ ಒರಗಿದ. ಆದರೆ ಜ್ವರ ಇಳಿಯಿತು. ಬಲಗೈಯ ಬೆರಳುಗಳು ಮೊದಲು ಹಾಸಿಗೆ ಬಟ್ಟೆಯನ್ನು ಕೆರೆದವು. ಮತ್ತೆ ಮೊಣಕೈ ಮಡಚಿತು.

ಮಾತು ಬಂದ ದಿನ ಒಲಿಂಡಾ ಅವಳ ಬಾಯಿಗೆ ಚಮಚ ಹಿಡಿದಿದ್ದಳು. "ಇನ್ನೊಂದು ಚಮಚ ರಾಗಿ, ಆಂಟಿ?"

"ಇಜ್ಜಿ" ಅಂದಳು ಕುಶಲಾ.

ತುಳುವಿನಲ್ಲಿ ಇಲ್ಲ ಎಂಬುದಕ್ಕೆ ಹೇಳುವ ಮಾತು. ಒಲಿಂಡಾ ಚಮಚ ಬಿಟ್ಟು ಮಾಯಿಲಪ್ಪನನ್ನು ಕರೆಯಲು ಓಡಿದಳು. ಆಮೇಲೆ ಹಲವು ದಿನ ಅವಳ ಬಾಯಲ್ಲಿ ಬರುತ್ತಿದ್ದದ್ದು ಆ ಒಂದೇ ಶಬ್ದ. ನೋವುಂಟಾ ಅಂದರೆ ಇಜ್ಜಿ. ಹೆಸರೇನು ಅಂದರೆ ಇಜ್ಜಿ. ಗಂಡನ ಕೈ ಹಿಡಿದು ಅಳುತ್ತ ಇಜ್ಜಿ, ನಗುತ್ತ ಇಜ್ಜಿ. ಯಾವ ಇಜ್ಜಿಗೆ ಯಾವ ಅರ್ಥ ಎಂದು ಮಾಯಿಲಪ್ಪ ಸ್ವರದಿಂದಲೇ ಹೇಳುತ್ತಿದ್ದ. "ಇದು ಬಾಯಾರಿಕೆ. ಇದು ಫ್ಯಾನು. ಇದು ನನಗೆ ಬೈದದ್ದು."

ವಾರ್ಡಿಗೆ ಬಂದ ಮೇಲೆ ವ್ಯಾಯಾಮ ಹೇಳಿಕೊಡುವ ಹುಡುಗ ಅವಳಿಗೆ ಒಂದು ಸ್ಪಂಜಿನ ಚೆಂಡು ಕೊಟ್ಟು ಒತ್ತಲು ಹೇಳಿದ. "ಇವರು ಹೇಗೂ ನಡೆಯುವುದಿಲ್ಲ, ಇಷ್ಟು ಮಾಡಿದರೆ ಸಾಕು" ಎಂದು ಒಲಿಂಡಾಳಿಗೆ ಹೇಳಿ ಮುಂದಿನ ಮಂಚಕ್ಕೆ ಹೊರಟ. ಕುಶಲಾ ಎಡಗೈಯಿಂದ ಆ ಚೆಂಡನ್ನು ಎತ್ತಿ ಅವನ ಬೆನ್ನಿಗೆ ಎಸೆದಳು. ಗುರಿ ತಪ್ಪಿ ಪಕ್ಕದ ಮಂಚದ ಅಜ್ಜಿಯ ನೀರಿನ ಬಾಟಲಿ ಉರುಳಿತು. ಹುಡುಗ ತಿರುಗಿದಾಗ ಅವಳು ನೆಲ ತೋರಿಸುತ್ತಿದ್ದಳು. ತನ್ನ ಅಂಗೈ ತೋರಿಸಿದಳು, ಮತ್ತೆ ನೆಲ ತೋರಿಸಿದಳು.

"ಕೆಳಗೆ ಇಳಿಸಬೇಕಂತೆ" ಅಂದ ಮಾಯಿಲಪ್ಪ.

"ನೆಲಕ್ಕಾ? ಬೇಡ ಅಂಕಲ್, ಬಿದ್ದರೆ?"

"ನೆಲದಲ್ಲಿ ಕೂತವಳು ಎಲ್ಲಿಗೆ ಬೀಳುವುದು ಮಾರಾಯ?"

ಚಾಪೆ ಹಾಸಿ ಇಳಿಸಿದರು. ಎಡಗೈ ಊರಿದಳು. ಬಲಗೈ ಊರಿದಳು. ಮೈ ಎತ್ತಲು ಹೋದಾಗ ಬಲ ಮಣಿಕಟ್ಟು ಮಡಚಿ ಅವಳು ಚಾಪೆಯ ಮೇಲೆ ಅಡ್ಡ ಬಿದ್ದಳು. ವಾರ್ಡಿನವರೆಲ್ಲ ಅಯ್ಯೋ ಅಂದರು. ಅವಳು ಮಾತ್ರ ಅನ್ನಲಿಲ್ಲ. ಮತ್ತೆ ಊರಿದಳು. ಆ ಹುಡುಗ ಮರುದಿನ ಬರುವಾಗ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ ತಂದ. ಅಲ್ಲಿಂದ ಮುಂದೆ ಅವನು ಅವಳ ಮಂಚಕ್ಕೇ ಮೊದಲು ಬರುತ್ತಿದ್ದ.

ಮನೆಗೆ ಬಿಡುವ ದಿನ ಹಿತೇಶ್ ಬಜಪೆಯ ಮನೆಯಲ್ಲಿ ಕೋಣೆ ಸಿದ್ಧ ಮಾಡಿಸಿದ್ದ. ಎತ್ತರ ತಗ್ಗಿಸುವ ಮಂಚ, ನೋಡಿಕೊಳ್ಳಲು ಒಬ್ಬಳು ಹೆಂಗಸು, ಕಿಟಕಿಯ ಹತ್ತಿರ ಟಿವಿ. ಎಲ್ಲ ಮನಸ್ಸಿಟ್ಟು ಮಾಡಿದ್ದ. "ಅಕ್ಕ, ಇನ್ನು ನೀನು ಎಂತದೂ ಮಾಡುವುದು ಬೇಡ. ಅಂಗಡಿಯನ್ನು ಯಾರಿಗಾದರೂ ಕೊಡುವ. ಭಾವನೂ ನಮ್ಮೊಟ್ಟಿಗೇ ಇರಲಿ."

ಕುಶಲಾ ತಮ್ಮನ ಗಲ್ಲ ಮುಟ್ಟಿದಳು. "ಇಜ್ಜಿ" ಅಂದಳು.

ಈ ಇಜ್ಜಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಹಿತೇಶನ ಕಾರು ಬಜಪೆಯ ಬದಲು ಅಕ್ಕನ ಮನೆಗೇ ಹೋಯಿತು.

ನಂತರದ ತಿಂಗಳುಗಳು ಸುಲಭವಾಗಿರಲಿಲ್ಲ. ಶಬ್ದಗಳು ಒಂದೊಂದಾಗಿ ಬಂದವು, ಕೆಲವು ವೇಷ ಬದಲಾಯಿಸಿಕೊಂಡು ಬಂದವು. ಉಪ್ಪಿಗೆ ಸಾಬೂನು ಅನ್ನುತ್ತಿದ್ದಳು, ಸಿಟ್ಟು ಬಂದು ಡಬ್ಬವನ್ನೇ ಎಸೆಯುತ್ತಿದ್ದಳು. ಬಲಗೈಗೆ ಹಿಡಿತ ಬಂದರೂ ಬೆರಳಿನ ಚುರುಕು ಪೂರ್ತಿ ಬರಲಿಲ್ಲ. ಕೆಲವು ಸಂಜೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಆಗ ಮಾಯಿಲಪ್ಪ ಸಮಾಧಾನ ಹೇಳಲು ಹೋಗುತ್ತಿರಲಿಲ್ಲ. ಪಾತ್ರೆ ತೊಳೆಯುತ್ತ ಬೇಕೆಂದೇ ತಪ್ಪು ರಾಗದಲ್ಲಿ ಹಾಡುತ್ತಿದ್ದ. ಸಹಿಸಲು ಆಗದೆ ಅವಳು ಬೈಯುವವರೆಗೆ ಹಾಡುತ್ತಿದ್ದ.

ಸ್ಕೂಟರಿನ ಎಕ್ಸಲರೇಟರ್ ಬಲಗೈಯಲ್ಲಿತ್ತು. ಅದನ್ನು ತಿರುಗಿಸಿ ಹಿಡಿಯಲು ಆ ಕೈಗೆ ಆಗಲಿಲ್ಲ. ಸೈಡ್ ವೀಲ್ ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಮೊಯ್ದೀನಬ್ಬನನ್ನು ಕರೆಸಿ, ಎಕ್ಸಲರೇಟರನ್ನು ಎಡಗೈಗೆ ತರಲು ಹೇಳಿದಳು. ಅವನು ತಲೆ ಕೆರೆದುಕೊಂಡ. ಮತ್ತೆ ಮಾಡಿಕೊಟ್ಟ. ಡಾಕ್ಟರ್ ಸರಿ ಅನ್ನುವವರೆಗೆ ರಸ್ತೆಗೆ ತರಬಾರದೆಂದು ಷರತ್ತು ಹಾಕಿದ. ಅವಳು ಮನೆಯ ಅಂಗಳದಲ್ಲೇ ತೆಂಗಿನ ಮರಕ್ಕೆ ಸುತ್ತು ಬಂದು ಕಲಿತಳು. ಅಂಗಡಿಗೆ ಆಟೋದಲ್ಲಿ ಹೋಗತೊಡಗಿದಳು. ಯಂತ್ರದ ಮುಚ್ಚಳ ಎಡಗೈಯಲ್ಲಿ ಎತ್ತಿ, ಕಾಗದವನ್ನು ಬಲಗೈಯ ಮುಷ್ಟಿಯಿಂದ ತಳ್ಳಿ ಇಡುತ್ತಿದ್ದಳು. ಅವಸರದ ಗಿರಾಕಿಗಳು ಕಾಯಬೇಕಾಯಿತು. ಕಾದರು.

ಮೂರು ತಿಂಗಳ ತಪಾಸಣೆಗೆ ಹೋದಾಗ ಹಸ್ನಾ ಅವಳ ಕೈ ಎತ್ತಿಸಿ, ಇಳಿಸಿ, ಚಿತ್ರಗಳ ಹೆಸರು ಹೇಳಿಸಿ, ಕಂಪ್ಯೂಟರಿನಲ್ಲಿ ಒಂದೊಂದೇ ಬರೆದುಕೊಂಡಳು. ಕೊನೆಗೆ ಪದ್ಧತಿಯ ಪ್ರಕಾರ ಕೇಳಬೇಕಾದ ಪ್ರಶ್ನೆಗೆ ಬಂದು ಅವಳ ಸ್ವರ ತಗ್ಗಿತು.

"ಇನ್ನೊಬ್ಬರ ಸಹಾಯ ಇಲ್ಲದೆ ನಡೆಯುತ್ತೀರಾ ಅಂತ ಇದೆ."

ಕುಶಲಾ ಅವಳ ಮುಖ ನೋಡಿದಳು. "ಇಲ್ಲ."

"ಅಂದರೆ... ಈ ಅಳತೆಯಲ್ಲಿ ನೀವು ಕೆಳಗಿನ ಸಾಲಿಗೆ ಬೀಳುತ್ತೀರಿ ಆಂಟಿ. ಚಿಕಿತ್ಸೆ ಚೆನ್ನಾಗಿ ಆಗಲಿಲ್ಲ ಅಂತ ಲೆಕ್ಕ."

ಕುಶಲಾ ಬಾಯಿ ತೆರೆದಳು. ಶಬ್ದ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. "ಸ್ಟ್ರೋಕ್... ಆಗುವ ಮೊದಲು... ನಾನು ನಡೀತಿದ್ದೆನಾ?"

"ಇಲ್ಲ."

"ಮತ್ತೆ ಈಗ... ಹೇಗೆ ನಡೀಲಿ? ಹೆಪ್ಪು ತೆಗೆದ ಡಾಕ್ಟ್ರು... ಪೋಲಿಯೊ ಕೂಡ ತೆಗೆದರಾ?"

ಮಾಯಿಲಪ್ಪ ಜೋರಾಗಿ ನಕ್ಕ. ಹಸ್ನಾಳಿಗೂ ತಡೆಯಲಾಗಲಿಲ್ಲ.

"ಕಾಲಿನ ಲೆಕ್ಕ... ಬಿಡಿ" ಕುಶಲಾ ಹೇಳಿದಳು. "ನಿನ್ನೆ ಬಂಗುಡೆ ಮೀನು... ಗಸಿ ಮಾಡಿದೆ. ಅದು ಬರೀರಿ."

ಹಸ್ನಾ ಕೀಬೋರ್ಡಿನ ಮೇಲೆ ಕೈಯಿಟ್ಟು ಕುಳಿತಳು. ನಂತರ, ಅಳತೆಯ ಅಂಕಿ ಬರೆಯುವ ಜಾಗದ ಕೆಳಗೆ, ಮೊದಲಿದ್ದ ಸ್ಥಿತಿಗೆ ಬಹುಪಾಲು ಮರಳಿದ್ದಾರೆ, ಅಡುಗೆ ಮಾಡುತ್ತಾರೆ, ಅಂಗಡಿ ನಡೆಸುತ್ತಾರೆ ಎಂದು ಬರೆದಳು. ಬರೆದದ್ದನ್ನು ಮಾಯಿಲಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಮತ್ತೆ ಕುರ್ಚಿ ಮುಂದೆ ಎಳೆದುಕೊಂಡು ಕೇಳಿದಳು: "ಆಂಟಿ, ಇಲ್ಲಿ ಕಲಿಯುವ ಡಾಕ್ಟರುಗಳಿಗೆ ನಾನು ಪ್ರತಿ ವಾರ ಕ್ಲಾಸು ಮಾಡ್ತೇನೆ. ನಿಮ್ಮ ವಿಷಯ ಅವರಿಗೆ ಹೇಳಬಹುದಾ?"

"ನೀವು ಯಾಕೆ? ನಾನೇ... ಬಂದು ಹೇಳ್ತೇನೆ."

ಹೇಳಿದ ದಿನ ಹೋದರು. ಹಿತೇಶನೂ ಬಂದಿದ್ದ. ಕ್ಲಾಸು ನಡೆಯುವ ಕೋಣೆ ಆಸ್ಪತ್ರೆಯ ಹಳೆಯ ಭಾಗದಲ್ಲಿತ್ತು. ಬಾಗಿಲಿಗೆ ಮುಟ್ಟಬೇಕಾದರೆ ಮೆಟ್ಟಿಲು ಹತ್ತಬೇಕು. ಇಳಿಜಾರು ಇರಲಿಲ್ಲ. ಹಸ್ನಾಳಿಗೆ ಅದು ಹೊಳೆದದ್ದೇ ಆಗ. ಅವಳ ಮುಖ ಕೆಂಪಾಯಿತು. ಒಳಗಿನಿಂದ ನಾಲ್ಕೈದು ಜನ ಓಡಿ ಬಂದು ಗಾಲಿಕುರ್ಚಿಯ ಎರಡೂ ಕಡೆ ಹಿಡಿದರು. "ಎತ್ತುವ ಮೇಡಂ, ಒಂದು ನಿಮಿಷದ ಕೆಲಸ."

"ಮುಟ್ಟಬೇಡಿ" ಅಂದಳು ಕುಶಲಾ.

ಅವರು ಕೈ ಬಿಟ್ಟರು.

"ಅಕ್ಕ, ಪಾಪ, ಸಹಾಯ ಮಾಡ್ಲಿಕ್ಕೆ ಬಂದದ್ದು..." ಹಿತೇಶ್ ಪಿಸುಗುಟ್ಟಿದ.

"ನಾನು ಮೂಟೆಯಾ? ಎತ್ತಿ... ಇಡಲಿಕ್ಕೆ?" ಅವಳು ಹಸ್ನಾಳ ಕಡೆ ತಿರುಗಿದಳು. "ನನಗೆ... ಮೇಲೆ ಬರಲಿಕ್ಕೆ ಆಗುವುದಿಲ್ಲ. ನಿಮಗೆ... ಇಳೀಲಿಕ್ಕೆ ಆಗ್ತದೆ ಅಲ್ಲ? ಇಳೀರಿ."

ಇಳಿದರು. ಬಿಳಿ ಕೋಟಿನ ಇಪ್ಪತ್ತು ಇಪ್ಪತ್ತೈದು ಮಂದಿ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು, ರೋಗಿಗಳು ಓಡಾಡುವ ಕಾರಿಡಾರಿನ ಒಂದು ಬದಿಯಲ್ಲಿ ನಿಂತರು. ಔಷಧಿ ಚೀಟಿ ಹಿಡಿದು ಹೋಗುತ್ತಿದ್ದವರೂ ನಿಂತು ನೋಡಿದರು. ಹಸ್ನಾ ಸ್ಕ್ಯಾನಿನ ಚಿತ್ರ ತೋರಿಸಿದಳು, ಆ ದಿನ ಮಂಚದ ಪಕ್ಕ ತಾನು ಕೇಳಿದ ಪ್ರಶ್ನೆಯನ್ನೂ ಮುಚ್ಚಿಡದೆ ಹೇಳಿದಳು. ಕುಶಲಾ ತನ್ನ ಕೆಲಸಗಳನ್ನು ಹೇಳಿದಳು, ನಿಧಾನವಾಗಿ, ಎಡವುತ್ತ.

ಹಿಂದೆ ನಿಂತಿದ್ದ ಒಬ್ಬಳು ಹುಡುಗಿ ಕೈ ಎತ್ತಿದಳು. "ಮೇಡಂ, ತಪ್ಪು ತಿಳಿಯಬೇಡಿ. ಅವತ್ತು ನಿಮಗೆ ಮಾತಾಡಲಿಕ್ಕೆ ಆಗ್ತಿದ್ದರೆ, ಇಷ್ಟು ಅಪಾಯ ಇದೆ ಅಂತ ಗೊತ್ತಾಗಿದ್ದರೆ, ನೀವೇ ಬೇಡ ಅಂತ ಹೇಳ್ತಿದ್ದಿರೇನೋ?"

ಹಿತೇಶ್ ತಲೆ ತಗ್ಗಿಸಿದ. ಕುಶಲಾ ಯೋಚಿಸಿದಳು. "ನಾನು..." ಎಂದು ಶುರು ಮಾಡಿ ನಿಂತಳು. ಶಬ್ದ ಸಿಗಲಿಲ್ಲ. ಮತ್ತೆ "ನನಗೆ..." ಅಂದಳು. ಮಾಯಿಲಪ್ಪ ಉತ್ತರ ಕೊಡಲು ಬಾಯಿ ತೆರೆದದ್ದು ಅವಳಿಗೆ ಕಂಡಿತು. ಅವನ ಮೊಣಕಾಲಿಗೆ ಒಂದು ಪೆಟ್ಟು ಕೊಟ್ಟಳು.

"ನೀವು ಸುಮ್ಮನಿರಿ. ನಾನು ಹೇಳ್ತೇನೆ."

ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ಆ ಹುಡುಗಿ ಗಡಿಯಾರ ನೋಡದೆ ಕಾದಳು.

"ಬೇಡ ಅಂತ ಹೇಳಲಿಕ್ಕೆ... ನನಗೆ ಹಕ್ಕುಂಟು" ಕುಶಲಾ ಹೇಳಿದಳು. "ಹೇಳ್ತಿದ್ದೆನೋ... ಇಲ್ಲವೋ... ಗೊತ್ತಿಲ್ಲ. ಹೇಳಿದರೆ ಕೂಡ... ಅದು ನಾನು ಹೇಳಬೇಕು. ನನ್ನ ಕಾಲು ನೋಡಿ... ನೀವು ಹೇಳಬಾರದು."

ಹುಡುಗಿ ಕೈ ಇಳಿಸಿದಳು. ಕುಶಲಾ ಗಾಲಿಕುರ್ಚಿಯನ್ನು ಎಡಗೈಯಿಂದ ಸ್ವಲ್ಪ ಮುಂದೆ ಸರಿಸಿ, ಬಿಳಿ ಕೋಟುಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಇನ್ನು ಯಾರು? ಕೇಳಿ. ನನಗೆ... ಪುರುಸೊತ್ತು ಉಂಟು."